ತೋಟ, ಮನೆ, ಅಂಗಳ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಒಂದು ಕುಲಚರಿತ್ರೆಯುಂಟು. ದಿನವೂ ನಾಲಗೆಯ ಮೇಲೆ ಸುಳಿದಾಡುವ ಎಷ್ಟೋ ಮಾತುಗಳ ಹುಟ್ಟೂರು ನಮಗೆ ಮರೆತೇಹೋಗಿರುತ್ತದೆ. "ನಮ್ಮ ಹುಡುಗನನ್ನು ಈ ವರ್ಷ ಎಲ್.ಕೆ.ಜಿ.ಗೆ ಸೇರಿಸಿದೆವು" ಎಂದು ಸಂತೋಷದಿಂದ ಹೇಳುವ ತಂದೆತಾಯಿಗಳನ್ನು ನೀವು ಎಲ್ಲ ಊರುಗಳಲ್ಲಿಯೂ ಕಂಡಿದ್ದೀರಿ. ಆ ಮೂರು ಅಕ್ಷರಗಳಲ್ಲಿ ಕಡೆಯ ಎರಡನ್ನು ಬಿಡಿಸಿ ನೋಡಿರಿ. 'ಕಿಂಡರ್‌ಗಾರ್ಟನ್' ಎಂಬುದು ಜರ್ಮನ್ ನುಡಿ. ಕಿಂಡರ್ ಎಂದರೆ ಮಕ್ಕಳು. ಗಾರ್ಟನ್ ಎಂದರೆ ತೋಟ. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಷಷ್ಠೀ ತತ್ಪುರುಷ: ಮಕ್ಕಳ ತೋಟ. ಆದರೆ ಇಂದು ಆ ಹೆಸರಿನ ಹಲಗೆ ಹೊತ್ತ ಎಷ್ಟು ಕಟ್ಟಡಗಳಲ್ಲಿ ಒಂದು ತುಳಸಿಯ ಗಿಡವಾದರೂ ಕಂಡೀತು? ತೋಟವು ಎರಡಕ್ಷರಗಳೊಳಗೆ ಹೂತುಹೋಗಿದೆ. ಉಳಿದಿರುವುದು ಬೆಂಚು, ಸ್ಲೇಟು, ಸಮವಸ್ತ್ರ ಮತ್ತು ಶುಲ್ಕದ ರಸೀತಿ.

ಶಿಶುಶಿಕ್ಷಣದ ಚರಿತ್ರೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಮೂರರಿಂದ ಆರು ವರ್ಷದ ಮಕ್ಕಳಿಗೆಂದು ಹೊಸ ದಾರಿಯನ್ನು ತೆರೆದ ಹಲವರು ತಮ್ಮ ಸಂಸ್ಥೆಗೆ 'ಶಾಲೆ' ಎಂಬ ಹೆಸರನ್ನು ಇಡಲಿಲ್ಲ. ಒಬ್ಬರು ತೋಟವೆಂದರು, ಒಬ್ಬರು ಮನೆಯೆಂದರು, ನಮ್ಮ ದೇಶದ ಒಬ್ಬ ತಾಯಿ ಅಂಗಳವೆಂದರು. ಇದು ಬರಿಯ ಹೆಸರಿನ ಚಮತ್ಕಾರವಲ್ಲ. ಮಗು ಕಲಿಯುವುದು ಗುರುವಿನ ಬಾಯಿಂದ ಮಾತ್ರವಲ್ಲ, ತಾನಿರುವ ಎಡೆಯಿಂದಲೂ ಹೌದು. ಆದುದರಿಂದ ಮೊದಲು ಆ ಎಡೆಯನ್ನು ಸರಿಪಡಿಸಬೇಕು ಎಂಬ ತಿಳಿವಳಿಕೆ ಆ ಹೆಸರುಗಳಲ್ಲಿ ಅಡಗಿದೆ. ಆ ಮೂರು ಹೆಸರುಗಳ ಜಾಡು ಹಿಡಿದು ಈ ಸಣ್ಣ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ.

ತೋಟಕ್ಕೆ ಮುಂಚೆ ಒಂದು ಗಿರಣಿಯ ಕಥೆಯಿದೆ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ ರಾಬರ್ಟ್ ಓವನ್ ಎಂಬಾತ ಹತ್ತಿ ಗಿರಣಿಯನ್ನು ನಡೆಸುತ್ತಿದ್ದನು. ತಾಯಿತಂದೆಗಳು ಗಿರಣಿಗೆ ಹೋದಮೇಲೆ ಅವರ ಕಿರಿಯ ಮಕ್ಕಳ ಗತಿಯೇನು ಎಂಬ ಚಿಂತೆಯಿಂದ ಅವನು 1816ರ ಜನವರಿ 1ರಂದು ಒಂದು ವಿದ್ಯಾಸಂಸ್ಥೆಯನ್ನು ತೆರೆದನು. ನಡೆಯಬಲ್ಲ ಮಗುವಿಗೆಲ್ಲ ಅಲ್ಲಿ ಪ್ರವೇಶ. ಹೊಡೆಯಕೂಡದು, ಗದರಿಸಕೂಡದು, ಪುಸ್ತಕಗಳಿಂದ ಎಳೆಯರನ್ನು ಪೀಡಿಸಕೂಡದು ಎಂಬುದು ಅವನ ಕಟ್ಟಳೆ. ಗೋಡೆಗಳ ಮೇಲೆ ಪ್ರಾಣಿಗಳ ಚಿತ್ರಗಳು, ಎದುರಿಗೆ ಬಯಲು, ಹಾಡು, ಕುಣಿತ. ಇದನ್ನು ಮೆಚ್ಚಿದವರು ಇಂಗ್ಲೆಂಡಿನಲ್ಲಿಯೂ ಶಿಶುಶಾಲೆಗಳನ್ನು ಆರಂಭಿಸಿದರು. ಅವರಲ್ಲಿ ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್ ಎಂಬಾತ ಪ್ರಮುಖನು. ಹಣ್ಣಿನ ಗಿಡಗಳೂ ಹೂವಿನ ಪಾತಿಗಳೂ ಇರುವ ಆಟದ ಬಯಲು ಶಾಲೆಗೆ ಅತ್ಯವಶ್ಯವೆಂದು ಅವನು ಸಾರಿದನು. ಅವನೇ ಇನ್ನೊಂದು ಸಾಧನವನ್ನೂ ಬಳಕೆಗೆ ತಂದನು. ಅದು 'ಗ್ಯಾಲರಿ', ಎಂದರೆ ಮೆಟ್ಟಿಲುಮೆಟ್ಟಿಲಾಗಿ ಏರುವ ಬೆಂಚುಗಳ ಸಾಲು. ನೂರು ಮಕ್ಕಳನ್ನು ಒಟ್ಟಿಗೆ ಕೂರಿಸಿ ಎಲ್ಲರ ಮೋರೆಯೂ ಉಪಾಧ್ಯಾಯನ ಕಡೆಗೇ ಇರುವಂತೆ ಮಾಡಲು ಅದಕ್ಕಿಂತ ಅನುಕೂಲವಾದ ಉಪಾಯ ಬೇರೊಂದಿಲ್ಲ. ಬಯಲಿಗೆ ಜಾಗ ಬೇಕು, ಹಣ ಬೇಕು. ಗ್ಯಾಲರಿಗೆ ನಾಲ್ಕು ಗೋಡೆ ಸಾಕು. ಎರಡರಲ್ಲಿ ಯಾವುದು ಹಬ್ಬಿತೆಂದು ನಾನು ಹೇಳಬೇಕಾಗಿಲ್ಲ. ಪೀಠೋಪಕರಣವೊಂದು ಒಳ್ಳೆಯ ತತ್ತ್ವವನ್ನು ನುಂಗಿದ ಬಗೆಗೆ ಇದು ಮೊದಲ ನಿದರ್ಶನ.

ಇನ್ನು ತೋಟಕ್ಕೆ ಬರೋಣ. ಫ್ರೆಡರಿಕ್ ಫ್ರೋಬೆಲ್ 1782ರಲ್ಲಿ ಜರ್ಮನಿಯ ತುರಿಂಗಿಯಾ ಎಂಬ ಕಾಡುಗಳ ನಾಡಿನಲ್ಲಿ ಹುಟ್ಟಿದನು. ಹುಟ್ಟಿ ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡನು. ತಂದೆ ಪಾದ್ರಿ, ಊರಿನ ಕೆಲಸದಲ್ಲಿ ಮಗನಿಗೆ ಬಿಡುವಿಲ್ಲ. ಬೆಳೆಯುವ ವಯಸ್ಸಿನಲ್ಲಿ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಮರಗಿಡಗಳ ನಡುವೆ ಕೆಲಸ ಕಲಿತನು. ಅನಂತರ ಬರ್ಲಿನ್ ನಗರದಲ್ಲಿ ಖನಿಜಗಳ ಹರಳುಗಳನ್ನು ಅಭ್ಯಾಸ ಮಾಡಿದನು. ಗಿಡ ಒಳಗಿನಿಂದ ಬೆಳೆಯುತ್ತದೆ, ಹರಳು ತನ್ನದೇ ನಿಯಮದಿಂದ ರೂಪುಗೊಳ್ಳುತ್ತದೆ ಎಂಬ ಎರಡು ಪಾಠಗಳು ಅವನ ಮನಸ್ಸಿನಲ್ಲಿ ನೆಲೆಯೂರಿದುವು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಚಿಕ್ಕ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದನು. ಅದಕ್ಕೆ ತಕ್ಕ ಹೆಸರು ಬಹುಕಾಲ ಸಿಕ್ಕಲಿಲ್ಲ. 1840ರಲ್ಲಿ 'ಕಿಂಡರ್‌ಗಾರ್ಟನ್' ಎಂದು ನಾಮಕರಣವಾಯಿತು.

ಅವನ ತೋಟವು ಉಪಮೆಯ ತೋಟವಷ್ಟೇ ಆಗಿರಲಿಲ್ಲ, ಮಣ್ಣಿನ ತೋಟವೂ ಆಗಿತ್ತು. ಪ್ರತಿಯೊಂದು ಮಗುವಿಗೂ ತನ್ನದೇ ಆದ ಒಂದು ಪುಟ್ಟ ಪಾತಿ. ಅದರಲ್ಲಿ ಬಿತ್ತುವುದೂ ಕೀಳುವುದೂ ಅದರ ಇಷ್ಟ. ಆ ಪಾತಿಗಳನ್ನು ಸುತ್ತುವರಿದು ಎಲ್ಲರಿಗೂ ಸೇರಿದ ಹೂವು, ತರಕಾರಿಗಳ ಸಾಮಾನ್ಯ ತೋಟ. ಅದನ್ನು ಎಲ್ಲರೂ ಕೂಡಿ ನೋಡಿಕೊಳ್ಳಬೇಕು. ತನ್ನದು ಯಾವುದು, ಎಲ್ಲರದು ಯಾವುದು ಎಂಬ ನಾಗರಿಕ ಧರ್ಮವನ್ನು ಒಂದು ಮಾತಿನ ಉಪದೇಶವೂ ಇಲ್ಲದೆ ನೆಲದ ಮೇಲೆಯೇ ಬರೆದಿಟ್ಟ ಪಾಠವಿದು. ಒಳಗಡೆ ಆಡಲು ಅವನು 'ಉಡುಗೊರೆ'ಗಳೆಂದು ಕರೆದ ಸಾಮಗ್ರಿಗಳಿದ್ದುವು: ಮೊದಲು ಬಣ್ಣದ ಉಣ್ಣೆಯ ಚೆಂಡುಗಳು, ಬಳಿಕ ಮರದ ಗೋಲ, ಘನ ಮತ್ತು ಉರುಳೆ, ಆಮೇಲೆ ಎಂಟು ತುಂಡುಗಳಾಗಿ ಬಿಡಿಸಿ ಕೂಡಿಸಬಹುದಾದ ಘನ. ಅಮೆರಿಕದ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಾಲ್ಯದಲ್ಲಿ ತನ್ನ ತಾಯಿ ತಂದುಕೊಟ್ಟ ಈ ಮರದ ತುಂಡುಗಳ ಋಣವನ್ನು ಮುಪ್ಪಿನಲ್ಲಿಯೂ ನೆನೆದನು.

ನಮ್ಮಲ್ಲಿ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯಿದೆ. ಮಕ್ಕಳನ್ನು ದಂಡಿಸುವವರು ಇದನ್ನು ಆಗಾಗ ಉಪಯೋಗಿಸುವುದುಂಟು. ಫ್ರೋಬೆಲನಿಗೆ ಈ ಗಾದೆಯನ್ನು ಹೇಳಿದ್ದರೆ, ಗಿಡವನ್ನು ಬಗ್ಗಿಸಲೇಬೇಕೆಂಬ ಹಟವೇಕೆ, ಬುಡಕ್ಕೆ ನೀರೆರೆದು ಬೇಲಿ ಕಟ್ಟಿದರೆ ಸಾಲದೆ ಎಂದು ಕೇಳುತ್ತಿದ್ದನೋ ಏನೋ! ಇಂಥ ಮಾತು ರಾಜ್ಯಾಧಿಕಾರಕ್ಕೆ ಸೊಗಸದು. 1851ರಲ್ಲಿ ಪ್ರಷ್ಯದ ಸರ್ಕಾರ ನಾಸ್ತಿಕತೆ, ಸಮಾಜವಾದಗಳ ಆರೋಪ ಹೊರಿಸಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಫ್ರೋಬೆಲನ ಸೋದರನ ಮಗ ಕಾರ್ಲ್ ಎಂಬುವನ ಬರಹವನ್ನು ಇವನದೆಂದು ಬಗೆದು ಮಾಡಿದ ಗೊಂದಲ ಅದರಲ್ಲಿ ಬೆರೆತಿತ್ತು. ಮುಂದಿನ ವರ್ಷವೇ ಫ್ರೋಬೆಲ್ ತೀರಿಕೊಂಡನು. ನಿಷೇಧ ತೊಲಗಿದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಆ ತೋಟದ ಬೀಜಗಳನ್ನು ಹೊರದೇಶಗಳಿಗೆ ಒಯ್ದಿದ್ದರು. ದುರ್ದೈವವೆಂದರೆ, ಕಾಲ ಕಳೆದಂತೆ ಹಲವೆಡೆ ಮರದ ತುಂಡುಗಳು ಉಳಿದು ಮಣ್ಣಿನ ಪಾತಿಗಳು ಬಿಟ್ಟುಹೋದುವು. ಆಟದ ಸಾಮಾನು ಕವಾಯತಿನ ಸಾಮಾನಾಯಿತು.

ಎರಡನೆಯ ಹೆಸರು ಮನೆ. ಇಟಲಿಯ ಮೊದಮೊದಲ ವೈದ್ಯೆಯರಲ್ಲಿ ಒಬ್ಬರಾದ ಮರಿಯಾ ಮಾಂಟೆಸ್ಸೋರಿಯವರು 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 'ಕಾಸಾ ದೇಯಿ ಬಂಬೀನಿ', ಎಂದರೆ ಮಕ್ಕಳ ಮನೆಯನ್ನು ತೆರೆದರು. ಅದರ ಹಿಂದಿನ ಕಾರಣ ಬಹು ಲೌಕಿಕವಾದುದು. ಕೂಲಿಕಾರರಿಗಾಗಿ ವಠಾರಗಳನ್ನು ದುರಸ್ತಿ ಮಾಡಿಸಿದ ಕಂಪನಿಗೆ ಒಂದು ಕಷ್ಟ ಎದುರಾಯಿತು. ಹಿರಿಯರು ಕೂಲಿಗೆ ಹೋದ ಹೊತ್ತಿನಲ್ಲಿ ಚಿಕ್ಕ ಮಕ್ಕಳು ಮೆಟ್ಟಿಲು, ಗೋಡೆಗಳನ್ನು ಹಾಳುಮಾಡುತ್ತಿದ್ದರು. ಸುಣ್ಣ ಬಳಿಸುವ ಖರ್ಚಿಗಿಂತ ಮಕ್ಕಳನ್ನು ನೋಡಿಕೊಳ್ಳುವ ಖರ್ಚು ವಾಸಿಯೆಂದು ಅದೇ ವಠಾರದಲ್ಲಿ ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಗೋಡೆಯ ಚಿಂತೆಯಿಂದ ಹುಟ್ಟಿದ ಈ ಏರ್ಪಾಡು ಜಗತ್ತಿನ ಶಿಶುಶಿಕ್ಷಣವನ್ನು ಬದಲಾಯಿಸಿತು.

ಮಾಂಟೆಸ್ಸೋರಿಯವರು ಮೊದಲು ಕಣ್ಣಿಟ್ಟದ್ದು ಮೇಜು ಕುರ್ಚಿಗಳ ಮೇಲೆ. ಬೆಂಚಿಗೆ ಕಟ್ಟಿಹಾಕಿದ ಮಕ್ಕಳನ್ನು ಸೂಜಿ ಚುಚ್ಚಿ ಹಲಗೆಗೆ ನಿಲ್ಲಿಸಿದ ಚಿಟ್ಟೆಗಳಿಗೆ ಅವರು ಹೋಲಿಸಿದರು. ನಾಲ್ಕು ವರ್ಷದ ಮಗು ತಾನೇ ಎತ್ತಿ ಒಯ್ಯಬಲ್ಲಂಥ ಹಗುರವಾದ ಮೇಜು, ಅದರ ಕಾಲು ನೆಲ ಮುಟ್ಟುವ ಕುರ್ಚಿ, ಅದರ ಕೈಗೆಟಕುವ ಕೈತೊಳೆಯುವ ಪಾತ್ರೆ, ಇವನ್ನೆಲ್ಲ ಮಾಡಿಸಿದರು. ಹಗುರ ಕುರ್ಚಿ ಮಗುವಿನ ಓಡಾಟಕ್ಕೆ ಉರುಳುವುದಿಲ್ಲವೆ ಎಂದು ಆಕ್ಷೇಪಿಸಿದವರಿಗೆ ಅವರು ಕೊಟ್ಟ ಸಮಾಧಾನ ಮನನಯೋಗ್ಯವಾದುದು: ಕುರ್ಚಿ ಉರುಳಿ ಸದ್ದಾದರೆ ತನ್ನ ನಡಿಗೆ ಒರಟಾಗಿತ್ತೆಂದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ, ನೆಲಕ್ಕೆ ಮೊಳೆ ಹೊಡೆದ ಬೆಂಚು ಅದನ್ನು ಎಂದಿಗೂ ಕಲಿಸಲಾರದು. ಒಂದು ದಿನ ಅಧ್ಯಾಪಿಕೆ ಸಾಮಗ್ರಿಗಳ ಬೀರುವಿಗೆ ಬೀಗ ಹಾಕುವುದನ್ನು ಮರೆತರಂತೆ. ಮರುದಿನ ಬಂದು ನೋಡಿದರೆ ಮಕ್ಕಳು ತಮತಮಗೆ ಬೇಕಾದುದನ್ನು ತೆಗೆದುಕೊಂಡು ಕೆಲಸದಲ್ಲಿ ಮುಳುಗಿದ್ದರು. ಅಧ್ಯಾಪಿಕೆಗೆ ಅದು ಕಳ್ಳತನವೆಂದು ತೋರಿತು. ಮಾಂಟೆಸ್ಸೋರಿಯವರಿಗೆ ಮಕ್ಕಳು ಆರಿಸಿಕೊಳ್ಳಲು ಬಲ್ಲರೆಂಬುದು ಹೊಳೆಯಿತು. ಅಂದಿನಿಂದ ಬೀಗದ ಬೀರು ಹೋಗಿ ಮಕ್ಕಳ ಎತ್ತರದ ತೆರೆದ ಗೂಡುಗಳು ಬಂದುವು.

ಈ ಸುದ್ದಿ ನಮ್ಮ ದೇಶಕ್ಕೆ ಪುಸ್ತಕಗಳ ಮೂಲಕ ಮೊದಲು ತಲುಪಿತು. ಕಾಠಿಯಾವಾಡದ ಗಿಜುಭಾಯಿ ಬಧೇಕಾ ಎಂಬ ವಕೀಲರು ತಮಗೆ ಮಗನಾದಮೇಲೆ ಮಾಂಟೆಸ್ಸೋರಿಯವರ ವಿಚಾರಗಳನ್ನು ಓದಿ ವಕೀಲಿಯನ್ನೇ ಬಿಟ್ಟರು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಬಾಲಮಂದಿರವನ್ನು ತೆರೆದರು. ಪರದೇಶದ ಪದ್ಧತಿಗೆ ನಮ್ಮ ಕಥೆ, ಹಾಡು, ನಾಟಕಗಳನ್ನು ಬೆರೆಸಿ ಹದಮಾಡಿದರು. ಜನ ಪ್ರೀತಿಯಿಂದ ಅವರನ್ನು 'ಮೀಸೆಯ ತಾಯಿ' ಎಂದು ಕರೆದರು. ಅವರು 1939ರ ಜೂನಿನಲ್ಲಿ ಕಾಲವಾದರು. ಅದೇ ವರ್ಷದ ಕೊನೆಗೆ ಮಾಂಟೆಸ್ಸೋರಿಯವರೇ ಮದರಾಸಿನ ಅಡಯಾರಿಗೆ ಬಂದು, ಯುದ್ಧ ಮುಗಿದು 1946ರಲ್ಲಿ ಹಿಂದಿರುಗುವವರೆಗೆ ನಮ್ಮ ದೇಶದ ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಮೂರನೆಯ ಹೆಸರೇ ಅಂಗಳ. ಗಿಜುಭಾಯಿಯವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕರು ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ನಡೆಸಿ ಹೆಸರು ಪಡೆದವರು. ಪಟ್ಟಣದ ಮಕ್ಕಳಿಗೆ ದೊರೆತುದು ಹಳ್ಳಿಯ ಬಡಮಕ್ಕಳಿಗೆ ಏಕೆ ದೊರೆಯಬಾರದೆಂದು 1945ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಕಡಲತೀರದ ಬೋರ್ಡಿ ಗ್ರಾಮಕ್ಕೆ ಹೋಗಿ ನೆಲಸಿದರು. ಬಾಲ್ಯದಲ್ಲಿಯೇ ವಿಧವೆಯಾಗಿ ಕಷ್ಟಪಟ್ಟು ಓದಿದ ಅನುತಾಯಿ ವಾಘರು ಜೊತೆಗೂಡಿದರು. ಬಾಲವಾಡಿಯೇನೋ ಆರಂಭವಾಯಿತು, ಆದರೆ ಹರಿಜನ ಕೇರಿಯ ಮಕ್ಕಳು ಬರಲಿಲ್ಲ. ಜಾತಿಯ ಅಂಜಿಕೆ ಒಂದು, ಮನೆಯಲ್ಲಿ ಹಸುಗೂಸನ್ನು ನೋಡಿಕೊಳ್ಳುವ ಕೆಲಸ ಇನ್ನೊಂದು. ಆಗ ತಾರಾಬಾಯಿಯವರು ಕೈಗೊಂಡ ನಿರ್ಧಾರ ಸರಳವಾದುದು, ಆದರೆ ಅದುವರೆಗೆ ಯಾರೂ ಅಷ್ಟು ದಿಟ್ಟತನದಿಂದ ಮಾಡದೆ ಇದ್ದುದು: ಮಗು ಶಾಲೆಗೆ ಬರಲಾರದಿದ್ದರೆ ಶಾಲೆ ಮಗುವಿನ ಬಳಿಗೆ ಹೋಗತಕ್ಕದ್ದು. ಗುಡಿಸಲಿನ ಮುಂದಣ ಅಂಗಳವೇ ಶಾಲೆಯಾಯಿತು. ಅದಕ್ಕೆ 'ಅಂಗನವಾಡಿ' ಎಂಬ ಹೆಸರಾಯಿತು.

ಈ ಪದವನ್ನು ಸ್ವಲ್ಪ ಬಿಡಿಸೋಣ. ಸಂಸ್ಕೃತದ 'ಅಂಗಣ'ವೇ ನಮ್ಮ 'ಅಂಗಳ'. 'ವಾಟಿಕಾ' ಎಂಬುದು ಮರಾಠಿ ಗುಜರಾತಿಗಳಲ್ಲಿ 'ವಾಡಿ'ಯಾಗಿದೆ, ಎಂದರೆ ತೋಟ. ಆದುದರಿಂದ ಅಂಗನವಾಡಿ ಎಂದರೆ ಅಂಗಳದ ತೋಟ. ಫ್ರೋಬೆಲನ ತೋಟವೂ ನಮ್ಮ ಹಳ್ಳಿಯ ಅಂಗಳವೂ ಒಂದೇ ಸಮಾಸದಲ್ಲಿ ಕೈಹಿಡಿದಿವೆ. ಅಲ್ಲಿನ ಸಾಮಗ್ರಿಗಳೂ ಹಾಗೆಯೇ. ಪರದೇಶದ ಬೆಲೆಬಾಳುವ ಉಪಕರಣಗಳ ಬದಲು ಕಡಲ ದಡದ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಜೇಡಿಮಣ್ಣು, ಬಿದಿರು. ಎಣಿಸುವುದಕ್ಕೆ, ಬೇರ್ಪಡಿಸುವುದಕ್ಕೆ, ಹೋಲಿಸುವುದಕ್ಕೆ ಇವೇ ಸಾಕು. ಮುಂದೆ ಅವರು ಕೋಸಬಾಡದ ಬೆಟ್ಟದ ಮೇಲೆ ವಾರ್ಲಿ ಆದಿವಾಸಿಗಳ ನಡುವೆ ದುಡಿದಾಗ, ದನ ಕಾಯುವ ಮಕ್ಕಳಿಗೆಂದು ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು.

ತಾರಾಬಾಯಿಯವರು ಬೋರ್ಡಿಗೆ ಹೋದ 1945ರಲ್ಲಿಯೇ ಸಮುದ್ರದಾಚೆಯ ಇಟಲಿಯಲ್ಲಿ ಇದಕ್ಕೆ ಜೊತೆಯಾಗಬಲ್ಲ ಇನ್ನೊಂದು ಘಟನೆ ನಡೆಯಿತು. ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ರೆಜ್ಜೊ ಎಮಿಲಿಯ ನಗರದ ಸಮೀಪದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ, ಓಡಿಹೋದ ಜರ್ಮನರು ಬಿಟ್ಟಿದ್ದ ಒಂದು ಟ್ಯಾಂಕು, ಕೆಲವು ಲಾರಿ, ಕೆಲವು ಕುದುರೆಗಳನ್ನು ಮಾರಿ, ಬಾಂಬಿಗೆ ಕುಸಿದ ಮನೆಗಳ ಇಟ್ಟಿಗೆಗಳಿಂದ ತಮ್ಮ ಮಕ್ಕಳಿಗೊಂದು ಶಿಶುಶಾಲೆಯನ್ನು ಕಟ್ಟತೊಡಗಿದರು. ಸುದ್ದಿ ಕೇಳಿ ಲೋರಿಸ್ ಮಲಗುಜ್ಜಿ ಎಂಬ ತರುಣ ಉಪಾಧ್ಯಾಯ ಸೈಕಲ್ ತುಳಿದು ಅಲ್ಲಿಗೆ ಹೋದನು; ತನ್ನ ಬಾಳನ್ನೇ ಆ ಕೆಲಸಕ್ಕೆ ಕೊಟ್ಟನು. 1963ರಿಂದ ಆ ನಗರಸಭೆಯೇ ಇಂಥ ಶಿಶುಶಾಲೆಗಳನ್ನು ನಡೆಸತೊಡಗಿತು. ಅಲ್ಲಿ ಒಂದು ತರಗತಿಗೆ ಇಬ್ಬರು ಅಧ್ಯಾಪಕರು. ಸುತ್ತಣ ಪರಿಸರವೇ ಮೂರನೆಯ ಅಧ್ಯಾಪಕ ಎಂಬುದು ಅವರ ಸಿದ್ಧಾಂತ. ನಡುವೆ ಊರಚೌಕದಂಥ ಒಂದು ಹಜಾರ; ಸುತ್ತ ಕೋಣೆಗಳು; ಬಣ್ಣ ಮಣ್ಣುಗಳ ಕೆಲಸಕ್ಕೆ ಒಂದು ಕಮ್ಮಟ; ಅಡುಗೆಯ ಮನೆ ಮಕ್ಕಳಿಗೆ ಕಾಣುವಂತೆ. ಇದನ್ನು ಓದುವಾಗ ನಮ್ಮ ಹಳೆಯ ಮೈಸೂರು ಸೀಮೆಯ ತೊಟ್ಟಿಮನೆ ನೆನಪಿಗೆ ಬಾರದೆ ಇರದು. ನಡುವೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಮಳೆಯೂ ಬಿಸಿಲೂ ಮನೆಯೊಳಗೇ ಇಳಿಯುವ ಆ ಕಟ್ಟಡದಲ್ಲಿ ಮಗು ಎಲ್ಲಿ ಆಡಿದರೂ ಯಾರದಾದರೂ ಕಣ್ಣಿನ ಕಾವಲಿನಲ್ಲಿರುತ್ತಿತ್ತು.

ನಮ್ಮ ನಾಡಿನಲ್ಲಿಯೂ ಈ ಬಗೆಯ ಚಿಂತನೆ ಇಲ್ಲದಿರಲಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ತಾಣಕ್ಕೆ 'ಬಾಲವನ' ಎಂದು ಹೆಸರು. ಅಲ್ಲಿಯೂ ಶಾಲೆ ಎಂಬ ಶಬ್ದವಿಲ್ಲ, ವನವಿದೆ. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರ ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದ ಪಾಲಿಗೆ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಬೋರ್ಡಿಯ ಅಂಗಳದ ಹೆಸರು ಹೀಗೆ ಕಾವೇರಿಯ ದಡಕ್ಕೆ ಬಂತು. ಇಂದು ರಾಜ್ಯದಲ್ಲಿ 60,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಮೊಳೆತ 'ನಲಿ-ಕಲಿ' ಪದ್ಧತಿಯು ಪ್ರಾಥಮಿಕ ಶಾಲೆಯ ಮೊದಲ ತರಗತಿಗಳಲ್ಲಿ ಸಾಲುಬೆಂಚನ್ನು ಬಿಡಿಸಿ ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿತು. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟಕುವ ಕರಿಹಲಗೆಯ ಪಟ್ಟಿಯನ್ನು ಬಳಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಗೆ ಆಟವೇ ಆಧಾರವೆಂದು ಒಪ್ಪಿಕೊಂಡಿದೆ.

ಹೆಸರು ಉಳಿದಿದೆ, ನೀತಿಯೂ ಇದೆ. ಅಂಗಳ ಉಳಿದಿದೆಯೆ? ಪಟ್ಟಣಗಳಲ್ಲಿ ಎಷ್ಟೋ ಅಂಗನವಾಡಿಗಳು ಬಾಡಿಗೆಯ ಒಂದೇ ಕೋಣೆಯಲ್ಲಿ ನಡೆಯುತ್ತವೆ. ಅಕ್ಕಿಯ ಮೂಟೆ, ತೂಕದ ಯಂತ್ರ, ಒಲೆ, ಮಕ್ಕಳು ಎಲ್ಲವೂ ಅಲ್ಲಿಯೇ. ಹಣ ತೆರುವವರ ಮಕ್ಕಳ ಪಾಡೂ ಬಹಳ ಮೇಲಲ್ಲ. ಅಲ್ಲಿ ಗೋಡೆಗೆ ಬಣ್ಣವಿದೆ, ಕಾಲಿಗೆ ನೆಲವಿಲ್ಲ. ಮೂರು ವರ್ಷದ ಬೆರಳುಗಳು ಪೆನ್ಸಿಲಿನ ಹಿಡಿತಕ್ಕೆ ಬರುವ ಮೊದಲೇ ಅಕ್ಷರ ತಿದ್ದುತ್ತಿವೆ. ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುವ ನನ್ನಂಥವರಿಗೆ ಇದರ ಫಲ ಹತ್ತು ವರ್ಷಗಳ ಮೇಲೆ ಕಾಣುತ್ತದೆ. ಎಂಟನೆಯ ತರಗತಿಗೆ ಬರುವ ಹುಡುಗರಲ್ಲಿ ಉತ್ತರ ಒಪ್ಪಿಸುವವರು ಹಲವರು, 'ಏಕೆ?' ಎಂದು ಕೇಳುವವರು ಕೆಲವರು. ಆ ಪ್ರಶ್ನೆ ಬತ್ತಿಹೋದದ್ದು ನಮ್ಮ ಕಾಲಕ್ಕಲ್ಲ, ಅದಕ್ಕೆ ಬಹಳ ಮುಂಚೆ.

ಕನ್ನಡದ 'ಆಡು' ಎಂಬ ಧಾತುವಿಗೆ ಎಷ್ಟು ಅರ್ಥಗಳುಂಟು ನೋಡಿರಿ. ಮಕ್ಕಳು ಆಡುತ್ತವೆ, ಮಾತು ಆಡುತ್ತೇವೆ, ಗಾಳಿಗೆ ಎಲೆ ಆಡುತ್ತದೆ. ಆಟ, ಮಾತು, ಚಲನೆ ಮೂರಕ್ಕೂ ನಮ್ಮ ಹಿರಿಯರು ಒಂದೇ ಧಾತುವನ್ನು ಬಳಸಿದರು. ಮಗುವಿನ ಮೈ ಆಡದಂತೆ ಮಾಡಿದರೆ ಆಟವೂ ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಇಂಗ್ಲಿಷಿನ 'ಸ್ಕೂಲ್' ಎಂಬ ಶಬ್ದದ ಮೂಲವೂ ಗ್ರೀಕ್ ಭಾಷೆಯಲ್ಲಿ ಬಿಡುವು ಎಂಬ ಅರ್ಥದ ಪದವೇ.

ಹಾಗಾದರೆ ಮಾಡಬೇಕಾದುದೇನು? ಈ ಚರಿತ್ರೆಯಿಂದ ಹೊರಡುವ ಪಾಠಗಳಿಗೆ ಹೆಚ್ಚು ಹಣ ಬೇಕಾಗಿಲ್ಲ. ಮಗುವಿನ ಎತ್ತರಕ್ಕೆ ಕುಳಿತು ಒಮ್ಮೆ ಕೋಣೆಯನ್ನು ನೋಡಿರಿ. ತಪಾಸಣೆಗೆ ಬರುವವರ ಕಣ್ಣಿಗೆಂದು ಐದಡಿ ಮೇಲೆ ತೂಗುಹಾಕಿದ ಚಿತ್ರಗಳನ್ನು ಎರಡೂವರೆ ಅಡಿಗೆ ಇಳಿಸಿರಿ. ಆಟದ ಸಾಮಾನನ್ನು ಬೀರುವಿನಿಂದ ತೆಗೆದು ಕೈಗೆಟಕುವ ಗೂಡಿನಲ್ಲಿಡಿರಿ, ಒಡೆದರೆ ಒಡೆಯಲಿ. ಹುಣಿಸೆಬೀಜ, ಕವಡೆ, ತೆಂಗಿನ ಚಿಪ್ಪು, ತೊಳೆದ ಬೆಣಚುಕಲ್ಲುಗಳನ್ನು ಬುಟ್ಟಿಗಳಲ್ಲಿ ಇಡಿರಿ. ತೀರ ಎಳೆಯರು ಬಾಯಿಗೆ ಹಾಕದಂತೆ ಒಂದು ಕಣ್ಣಿರಲಿ. ಗದ್ದಲ ಸಾಕೆನಿಸಿದ ಮಗು ಒಬ್ಬಂಟಿಯಾಗಿ ಕೂರಲು ಹಳೆಯ ಸೀರೆಯೊಂದನ್ನು ಇಳಿಬಿಟ್ಟು ಒಂದು ಮೂಲೆಯನ್ನು ಮಾಡಿರಿ. ಹೊರಗೆ ಒಂದು ಗುಡ್ಡೆ ಮರಳು, ಒಂದು ಬಕೆಟ್ಟು ನೀರು, ನೆರಳಿಗೆ ಒಂದು ಹೊಂಗೆಯ ಮರ. ಹೊರಗೆ ಜಾಗವೇ ಇಲ್ಲದಿದ್ದರೆ, ನಾಲ್ಕು ಹಳೆಯ ಡಬ್ಬಗಳಿಗೆ ಮಣ್ಣು ತುಂಬಿ, ಒಂದೊಂದಕ್ಕೂ ಒಂದೊಂದು ಗುಂಪಿನ ಹೆಸರು ಬರೆದು ಮೆಂತ್ಯವನ್ನಾದರೂ ಬಿತ್ತಿಸಿರಿ. ನಾಲ್ಕಾರು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮಕ್ಕಳ ಪ್ರಶ್ನೆಗಳೂ ಹೊರಡುತ್ತವೆ.

ಓದುಗರೆ, ಬರುವ ಜೂನಿನಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿ ಮಗುವಿನದೋ ಮೊಮ್ಮಗುವಿನದೋ ಕೈ ಹಿಡಿದು ಇಂಥ ಒಂದು ಬಾಗಿಲಿಗೆ ಹೋಗುತ್ತೀರಿ. ಎಷ್ಟು ಅಕ್ಷರ ಕಲಿಸುತ್ತೀರಿ, ಯಾವ ಭಾಷೆಯಲ್ಲಿ ಹಾಡಿಸುತ್ತೀರಿ ಎಂದು ಅವಶ್ಯವಾಗಿ ಕೇಳಿರಿ. ಅದಕ್ಕೂ ಮೊದಲು, ಮಕ್ಕಳು ಆಡುವ ಎಡೆಯನ್ನು ತೋರಿಸಿರೆಂದು ಕೇಳಿರಿ. ತೋರಿಸಲು ಅವರಲ್ಲಿ ಏನೂ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟು ಬರಬೇಡಿರಿ; ನಾಲ್ಕು ಮಂದಿ ತಂದೆತಾಯಿಗಳು ಸೇರಿ ಪಂಚಾಯಿತಿಯನ್ನೋ ನಗರಸಭೆಯನ್ನೋ ಶಾಲೆಯ ಆಡಳಿತದವರನ್ನೋ ಕಂಡು ಒಂದು ತುಂಡು ನೆಲವನ್ನು ಬೇಡಿರಿ. ವಿಲ್ಲಾ ಚೆಲ್ಲಾದ ರೈತರು ಯುದ್ಧದ ಟ್ಯಾಂಕನ್ನು ಮಾರಿ ಮಕ್ಕಳಿಗೆ ಎಡೆಮಾಡಿದರು. ನಾವು ಮಾರಬೇಕಾದುದು ಏನೂ ಇಲ್ಲ. ಇರುವ ಅಂಗಳವನ್ನು ಬಿಟ್ಟುಕೊಟ್ಟರೆ ಸಾಕು.